ಅಡ್ಡಹೆಸರು ಕೇಳದ ಮನೆ

ಏಳನೆಯ ಕಂತು

"ನಳ ಬಂತವಾ, ನಳ ಬಂತು!"

ಕೆಳಗಿನ ಮನೆಯ ಸೋನಾಬಾಯಿಯ ಕೂಗು ಕೇಳಿ ಮಲಕಾರಿ ಕೈಗಡಿಯಾರ ನೋಡಿಕೊಂಡ. ಹತ್ತು ಗಂಟೆ ಹತ್ತು ನಿಮಿಷ. 'ಕೃಷ್ಣಾಯಿ' ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ, ಮೀಟರ್ ಪೆಟ್ಟಿಗೆಗಳ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತು ಅವನಿಗೆ ಆಗಲೇ ಒಂದು ತಾಸಾಗಿತ್ತು.

ಸೋನಾಬಾಯಿ ಎರಡು ಕೊಡ ತಂದಿಟ್ಟಳು. ಅವಳ ಹಿಂದೆಯೇ ಎದುರು ಮನೆಯ ಮಾಸ್ತರರು ಲುಂಗಿ ಎತ್ತಿಕಟ್ಟಿಕೊಂಡು, ಬಕೆಟ್ ಹಿಡಿದುಕೊಂಡು ಬಂದರು. ಅಷ್ಟೇ. ಮೇಲಿನ ಮೂರು ಮಹಡಿಗಳಿಂದ ಒಬ್ಬರೂ ಇಳಿಯಲಿಲ್ಲ.

ಮಲಕಾರಿ ಕಾಯ್ದ. ಐದು ನಿಮಿಷ, ಹತ್ತು ನಿಮಿಷ. ಮೆಟ್ಟಿಲ ಮೇಲೆ ಒಂದು ಚಪ್ಪಲಿಯ ಸಪ್ಪಳವೂ ಇಲ್ಲ.

ಇದರಲ್ಲೇನಿದೆ ಎಂದು ಬೇರೆ ಊರಿನವರು ಕೇಳಬಹುದು. ಚಿಕ್ಕೋಡಿಯ ಆ ಓಣಿಗೆ ಕುಡಿಯುವ ನೀರು ಬರುವುದು ಮೂರು ದಿನಕ್ಕೊಮ್ಮೆ, ಬಂದರೆ ಒಂದು ತಾಸು. ಸಂಪಿನಲ್ಲಿರುವುದು ಬೋರಿನ ಸವಳು ನೀರು, ಅದು ಬಟ್ಟೆಗೆ, ಭಾಂಡೆಗೆ. ಕುಡಿಯುವುದಕ್ಕೆ, ಬೇಳೆ ಬೇಯಿಸುವುದಕ್ಕೆ ಎಂಟೂ ಮನೆಗಳಿಗೆ ಇದೊಂದೇ ನಳ. ಅದು ಬಂತೆಂದರೆ ಒಲೆಯ ಮೇಲಿನ ಹಾಲು ಉಕ್ಕಿದರೆ ಉಕ್ಕಲಿ ಎಂದು ಓಡಿ ಬರಬೇಕು. ಎಂಟು ಕೊಡವಾದರೂ ಸಾಲು ಹಿಡಿಯಬೇಕು, ಯಾರದು ಮೊದಲು ಎಂದು ನಾಲ್ಕು ಮಾತಾದರೂ ಆಗಬೇಕು. ಜಗಳವಿಲ್ಲದ ನಳವನ್ನು ಮಲಕಾರಿ ತನ್ನ ಅರವತ್ತಮೂರು ವರ್ಷದಲ್ಲಿ ನೋಡಿರಲಿಲ್ಲ.

"ಸೋನಾಬಾಯಿ, ಮ್ಯಾಲಿನವ್ರು ನೀರ ತುಂಬಂಗಿಲ್ಲೇನ?"

ಸೋನಾಬಾಯಿ ಮೇಲೆ ನೋಡಿದಳು, ಕೊಡ ನೋಡಿದಳು. "ಅವ್ರಿಗೆ ನಳ ಬರೂ ದಿನಾನ ಗೊತ್ತಿಲ್ಲಂತ ಕಾಣ್ತೈತ್ರಿ," ಎಂದವಳು ಸಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು. "ನನ್ನ ಏನೂ ಕೇಳಬ್ಯಾಡ್ರಿ ಕಾಕಾ. ನಾ ಇಲ್ಲೇ ಬಾಳೇ ಮಾಡಾಕಿ ಅದೇನಿ."

ಮೂರು ವರ್ಷದಿಂದ ಇರುವ ಬಾಡಿಗೆದಾರರು, ನಳ ಬರುವ ದಿನ ಗೊತ್ತಿಲ್ಲ!

ಮೂವತ್ತೈದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ನಿವೃತ್ತನಾದ ಮನುಷ್ಯ ಅವನು. ಈಗ, ಬಾಡಿಗೆ ಬರುವ ಕಟ್ಟಡ ಕೊಳ್ಳುವವರ ಪರವಾಗಿ ಹೋಗಿ ನೋಡಿ ಹೇಳುವುದು ಅವನ ಕೆಲಸ. ಗೋಡೆ ಹೇಗಿದೆ, ಕಾಗದ ಹೇಗಿದೆ, ಬರುವ ಬಾಡಿಗೆ ಖರೆಯೋ ಸುಳ್ಳೋ. ನಿಪ್ಪಾಣಿಯಿಂದ ಕಾಗವಾಡದವರೆಗೆ 'ಮಲಕಾರಿ ನೋಡಿ ಹೂಂ ಅಂದಾನ' ಎಂದರೆ ಜನ ಕಣ್ಣು ಮುಚ್ಚಿ ಸಹಿ ಮಾಡುತ್ತಿದ್ದರು. ಕೃಷ್ಣಾಯಿಗೂ ಅವನು ನಾಲ್ಕು ದಿನದ ಹಿಂದೆ ಅರ್ಧ ಹೂಂ ಅಂದಾಗಿತ್ತು. ಕಾಗದಪತ್ರ ಶುದ್ಧ, ಗೋಡೆ ಗಟ್ಟಿ, ಎಂಟೂ ಮನೆ ಭರ್ತಿ. ಆದರೂ ಏನೋ ಒಂದು ಅನುಮಾನ ಉಳಿದಿತ್ತು. ಅದಕ್ಕೇ ಯಾರಿಗೂ ಹೇಳದೆ ಈ ದಿನ ಮತ್ತೆ ಬಂದು ಕುಳಿತಿದ್ದ.

ಈ ದಿನವೇ ಯಾಕೆಂದರೆ, ಮಧ್ಯಾಹ್ನ ಮೂರು ಗಂಟೆಗೆ ಖರೀದಿಯ ಕರಾರು ರಜಿಸ್ಟರ್ ಆಗುವುದಿತ್ತು.

ಕೊಳ್ಳುವವಳು ಶೇವಂತಾಬಾಯಿ ಕಾಂಬಳೆ. ರಾಯಬಾಗದ ಕಡೆಯ ಅಲಖನೂರಿನವಳು, ಮೂವತ್ತಾರು ವರ್ಷ ಸರ್ಕಾರಿ ನರ್ಸಾಗಿ ದುಡಿದವಳು. ಮೊದಲ ದಿನ ಮಲಕಾರಿಯ ಮನೆಗೆ ಬಂದಾಗ ಅವಳು ಕಟ್ಟಡದ ಮಾತೇ ಆಡಿರಲಿಲ್ಲ.

"ಅಣ್ಣಾರ, ಎಂಟ ಊರಿಗೆ ಬದ್ಲಿ ಆಗೇತ್ರಿ ನನಗ," ಎಂದಿದ್ದಳು. "ಎಂಟೂ ಊರಾಗ ಖೋಲಿ ಕೇಳಾಕ ಹ್ವಾದ್ರ ಮೊದಲ ಕೇಳೂದು ಅಡ್ಡೆಸರ, ಜಾತಿ ತಿಳ್ಕೊಳ್ಳಾಕ. ಕಾಂಬಳೆ ಅಂದಕೂಡ್ಲೆ ಖಾಲಿ ಇದ್ದ ಖೋಲಿನೂ ಖಾಲಿ ಇರ್ತಿರ್ಲಿಲ್ರಿ. ಮುಂಜಾನೆ ನಾ ಹೆರಿಗಿ ಮಾಡಿಸಿದ ಮನಿಯವ್ರ ಸಂಜೀಕ ನನಗ ಖೋಲಿ ಇಲ್ಲಂದಾರ. ಈಗ ರೊಕ್ಕ ಬಂದೈತಿ. ಅಡ್ಡೆಸರ ಕೇಳಲಾರದ ಮನಿ ಒಂದರೆ ಇರ್ಲಿ ಈ ಸೀಮ್ಯಾಗ. ನಾ ಯಾರಿಗರೆ ಅಡ್ಡೆಸರ ಕೇಳಿದ್ನಿ ಅಂದ್ರ, ಈಕಿಗೆ ಏನೋ ಆಗೇತಿ ಅಂತ ತಿಳ್ಕೋರಿ ನೀವು."

ನಗುತ್ತಲೇ ಹೇಳಿದ್ದಳು. ಆದರೆ ಚಹಾ ಕೊಡಲು ಬಂದಿದ್ದ ಮಲಕಾರಿಯ ಮಗಳು ನೀಲಮ ಬಾಗಿಲಲ್ಲೇ ನಿಂತು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಿದ್ದಳು. ಮಲಕಾರಿಗೂ ಆ ರಾತ್ರಿ ಊಟ ಸೇರಿರಲಿಲ್ಲ.

ಕರಾರು ಹೀಗಿತ್ತು: ಶೇವಂತಾಬಾಯಿ ನಿವೃತ್ತಿಯ ಅಷ್ಟೂ ಹಣವನ್ನು ಈಗಲೇ ಕೊಡಬೇಕು. ಉಳಿದ ಅರ್ಧವನ್ನು ಎಂಟು ಮನೆಗಳ ಬಾಡಿಗೆಯಿಂದ ತಿಂಗಳು ತಿಂಗಳು ಕಟ್ಟಬೇಕು. ಮೂರು ಕಂತು ತಪ್ಪಿದರೆ ಕರಾರು ರದ್ದು, ಕೊಟ್ಟ ಹಣ ವಾಪಸಿಲ್ಲ. ಎಂಟೂ ಮನೆ ಭರ್ತಿ ಇರುವಾಗ ಅದೇನು ದೊಡ್ಡ ಮಾತಲ್ಲ ಎಂದು ಮಲಕಾರಿಯೇ ಹೇಳಿದ್ದ. ಈಗ ಆ ಮಾತನ್ನು ಮತ್ತೆ ತೂಗಿ ನೋಡಿದ. ಎಂಟರಲ್ಲಿ ಆರು ಮನೆ ಬರೀ ತೋರಿಕೆಗೆ ತುಂಬಿದ್ದರೆ, ಮುಂದಿನ ತಿಂಗಳೇ ಅವು ಖಾಲಿಯಾಗುತ್ತವೆ. ಮೂರು ತಿಂಗಳಲ್ಲಿ ಕಟ್ಟಡವೂ ಮಾರಿದವನಿಗೆ, ಹಣವೂ ಮಾರಿದವನಿಗೆ. ಶೇವಂತಾಬಾಯಿಯ ಮೂವತ್ತಾರು ವರ್ಷ ನೀರಿನಲ್ಲಿ ಹೋಮ ಮಾಡಿದಂತೆ.

ಕನ್ನಡಕಕ್ಕೆಂದು ಚೀಲಕ್ಕೆ ಕೈ ಹಾಕಿದ. ಊಟದ ಡಬ್ಬಿ ಕೈಗೆ ಬಂತು. ಮುಚ್ಚಳದ ಮೇಲೆ ನೀಲಮ ಅಂಟಿಸಿದ ಚೀಟಿ: 'ಊಟದ ಮೊದಲ ಬಿಳಿ ಗುಳಗಿ, ಊಟ ಆದ ಮ್ಯಾಲೆ ಹಳದಿ ಗುಳಗಿ. ಮರೀಬ್ಯಾಡ್ರಿ.' ಮುತ್ತು ಪೋಣಿಸಿದಂಥ ಅಕ್ಷರ. ರಜಿಸ್ಟ್ರಿ ಕಚೇರಿಯ ಎದುರಿಗೆ ದಸ್ತಾವೇಜು ಬರೆಯುವವರ ಅಂಗಡಿಯಲ್ಲಿ ಅವಳಿಗೆ ಕೆಲಸ. ಊರಿನ ಅರ್ಧ ಕರಾರುಗಳು ಅವಳ ಕೈಯಿಂದಲೇ ಹೋಗುತ್ತವೆ. ಇಷ್ಟೆಲ್ಲದರ ನಡುವೆ ಅಪ್ಪನ ಗುಳಿಗೆ ಮರೆಯುವುದಿಲ್ಲ ನೋಡು ಎಂದುಕೊಂಡು ಮಲಕಾರಿ ಡಬ್ಬಿಯನ್ನು ಚೀಲದೊಳಗೆ ಇಟ್ಟ.

ಆಮೇಲೆ ಎದ್ದು ತನ್ನ ಹಳೆಯ ವಿದ್ಯೆಗೆ ಕೈ ಹಾಕಿದ.

ಹೊಸ ಕಾಲದ ಮೀಟರುಗಳಿಗೆ ಒಂದು ಗುಂಡಿ ಇರುತ್ತದೆ. ಒತ್ತುತ್ತಾ ಹೋದರೆ ಅಂಕಿಗಳು ಒಂದೊಂದಾಗಿ ಬರುತ್ತವೆ. ಜನ ನೋಡುವುದು ಯೂನಿಟ್ಟು ಮಾತ್ರ. ನಾಲ್ಕು ದಿನದ ಹಿಂದೆ ಮಲಕಾರಿಯೂ ಅಷ್ಟನ್ನೇ ನೋಡಿ ಹೋಗಿದ್ದ. ಎಲ್ಲ ಮನೆಗಳಲ್ಲೂ ತಿಂಗಳಿಗೆ ನೂರೈವತ್ತರ ಹತ್ತಿರ, ಸಂಸಾರವಂದಿಗರ ಲೆಕ್ಕವೇ. ಈಗ ಅದರ ಮುಂದಿನ ಅಂಕಿಗೆ ಹೋದ. ಆ ತಿಂಗಳಲ್ಲಿ ಒಂದೇ ಹೊತ್ತಿಗೆ ಹೆಚ್ಚೆಂದರೆ ಎಷ್ಟು ಕರೆಂಟು ಎಳೆದಿದ್ದಾರೆ ಎಂಬ ಅಂಕಿ ಅದು.

ಸೋನಾಬಾಯಿಯದು ಒಂದೂವರೆ ಕಿಲೋವ್ಯಾಟ್. ಮಿಕ್ಸರು, ಇಸ್ತ್ರಿ ಪೆಟ್ಟಿಗೆ ಇರುವ ಮನೆ, ಸರಿಯೇ. ಮಾಸ್ತರರದು ಎರಡು. ಅವರ ಮನೆಯಲ್ಲಿ ಗೀಜರಿದೆ, ಅದೂ ಸರಿ.

ನೂರಾ ಒಂದನೆಯ ಮನೆ: ಸೊನ್ನೆ ಪಾಯಿಂಟ್ ಎರಡು.

ನೂರಾ ಎರಡು: ಸೊನ್ನೆ ಪಾಯಿಂಟ್ ಎರಡು.

ಮಲಕಾರಿಯ ಬೆರಳು ಬೇಗಬೇಗ ಓಡಿತು. ಇನ್ನೂರರ ಎರಡು, ಮುನ್ನೂರರ ಎರಡು. ಆರೂ ಮನೆಗಳಲ್ಲಿ ಅದೇ ಅಂಕಿ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆರು ಸಂಸಾರಗಳಲ್ಲಿ ಒಬ್ಬರೂ ಚಟ್ನಿ ರುಬ್ಬಲಿಲ್ಲವೇ? ಒಬ್ಬರೂ ಅಂಗಿಗೆ ಇಸ್ತ್ರಿ ಹಚ್ಚಲಿಲ್ಲವೇ? ಪ್ರತಿ ಮನೆಯಲ್ಲೂ ನೂರು ವ್ಯಾಟಿನ ಎರಡು ಹಳೆಯ ಬಲ್ಬುಗಳನ್ನು ಹಗಲೂ ರಾತ್ರಿ ಉರಿಯಲು ಬಿಟ್ಟರೆ ತಿಂಗಳಿಗೆ ನೂರೈವತ್ತರ ಹತ್ತಿರ ಯೂನಿಟ್ಟು ಓಡುತ್ತದೆ, ಮೇಲಿನ ಅಂಕಿ ಮಾತ್ರ ಎರಡು ಬಲ್ಬಿನದಕ್ಕಿಂತ ಏರುವುದಿಲ್ಲ. ಮೀಟರನ್ನು ಮೋಸಗೊಳಿಸಿದವನು ಜಾಣ. ಆದರೆ ಮೂವತ್ತೈದು ವರ್ಷ ಮೀಟರ್ ಓದಿದವನು ನೋಡಲು ಬರುತ್ತಾನೆಂದು ಅವನು ಎಣಿಸಿರಲಿಲ್ಲ.

"ಥೂ ಇವನ," ಎಂದು ಮಲಕಾರಿ ತನ್ನನ್ನೇ ಬೈದುಕೊಂಡ. ಈ ಗುಂಡಿಯನ್ನು ನಾಲ್ಕು ದಿನದ ಹಿಂದೆ ಇನ್ನೊಂದು ಸಲ ಒತ್ತಿದ್ದರೆ ಏನಾಗುತ್ತಿತ್ತು?

ಮಂಡಿನೋವು ಮರೆತು ಮೆಟ್ಟಿಲು ಹತ್ತಿದ.

ಮುನ್ನೂರಾ ಎರಡನೆಯ ಮನೆಯ ಬಾಗಿಲು ತೆರೆದೇ ಇತ್ತು. ಹೊಸಿಲಿಗೆ ರಂಗೋಲಿ, ಕಿಟಕಿಗೆ ಹೊಸ ಪರದೆ. ಪರದೆಯ ಹಿಂದೆ ಹಟ್ಟಹಗಲಲ್ಲಿ ಒಂದು ಬಲ್ಬು ಹಳದಿಯಾಗಿ ಉರಿಯುತ್ತಿತ್ತು.

"ಬರ್ರಿ ಅಣ್ಣಾರ, ಕುಂಡ್ರಿ," ಎಂದಳು ಒಳಗಿದ್ದ ಹೆಂಗಸು. ನಲವತ್ತರ ಆಸುಪಾಸು, ಹೇಳಿಕೊಂಡ ಹೆಸರು ಕಸ್ತೂರೆವ್ವ. ಬಾಡಿಗೆದಾರರ ಪಟ್ಟಿಯಲ್ಲಿ 'ಕಸ್ತೂರೆವ್ವ ಕಾಂಬಳೆ, ಮೂರು ವರ್ಷದಿಂದ' ಎಂದಿತ್ತು. ಶೇವಂತಾಬಾಯಿ ಮನೆ ನೋಡಲು ಬಂದ ದಿನ ಈಕೆಯ ಜೊತೆ ಅರ್ಧ ತಾಸು ಕುಳಿತು ಮಾತಾಡಿ, ಕಣ್ಣು ತುಂಬಿಕೊಂಡು ಹೊರಬಂದು, ಬೆಲೆಯ ಚೌಕಾಸಿಯನ್ನೇ ಬಿಟ್ಟುಬಿಟ್ಟಿದ್ದಳು. ಮಲಕಾರಿ ಆಗ ಟೆರೇಸಿನ ಮೇಲೆ ನೀರಿನ ಟಾಕಿ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಿದ್ದ.

"ಎಷ್ಟ ವರ್ಷ ಆತ್ರಿ ನೀವ ಇಲ್ಲಿಗೆ ಬಂದ?"

"ಮೂರ ವರ್ಷ ಆತ್ರಿ." ಶಾಲೆಯ ಹುಡುಗಿ ಮಗ್ಗಿ ಒಪ್ಪಿಸಿದ ಹಾಗೆ ಬಂತು ಉತ್ತರ.

"ಬಾಡಗಿ ಹೆಚ್ಚ ಮಾಡ್ಯಾರೇನ?"

"ಇಲ್ರಿ. ಛಲೋ ಅದಾರ್ರಿ ನಮ್ಮ ಸಾವ್ಕಾರ್ರು."

ಆ ಕೊನೆಯ ಮಾತನ್ನು ಮಲಕಾರಿ ಹಿಡಿದುಕೊಂಡ. ಈ ಸೀಮೆಯಲ್ಲಿ ಬಾಡಿಗೆ ಕೊಡುವವರು ಮನೆಯೊಡೆಯನನ್ನು 'ಮಾಲಕರು' ಎನ್ನುತ್ತಾರೆ. 'ಸಾವ್ಕಾರ್ರು' ಎನ್ನುವುದು ಅವನ ಹೊಲದಲ್ಲಿ ದುಡಿದು ಕೂಲಿ ತೆಗೆದುಕೊಳ್ಳುವವರು. ಕೊಡುವ ಕೈಯವರ ಬಾಯಲ್ಲಿ ಆ ಮಾತು ಬರುವುದಿಲ್ಲ. ಕೃಷ್ಣಾಯಿಯ ಒಡೆಯ ಬಾಳಾಸಾಬನಿಗೆ ಅಥಣಿಯ ಹತ್ತಿರ ದೊಡ್ಡ ದ್ರಾಕ್ಷಿ ತೋಟವಿದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

"ಕಸ್ತೂರೆವ್ವಾ, ನಿನ್ನ ಕೈ ಒಂದಿಷ್ಟ ತೋರಸ ನೋಡೂಣ."

ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆದರೆ ಅಷ್ಟರಲ್ಲಿ ಅವನಿಗೆ ಕಂಡಿತ್ತು. ಉಗುರಿನ ಸಂದಿಯಲ್ಲಿ, ಬೆರಳಿನ ಗೆಣ್ಣುಗಳಲ್ಲಿ ತೊಳೆದರೂ ಹೋಗದ ಕೆಂಪು. ಛಾಟಣಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ಕಡ್ಡಿಯ ಕಣ್ಣುಗಳಿಗೆ ಬಣ್ಣದ ಔಷಧಿ ಹಚ್ಚುವವರ ಕೈ ಹೀಗಾಗುತ್ತದೆ. ಅರಿಷಿಣ ಕುಂಕುಮದ ಕೆಂಪು ಬೇರೆ, ಇದು ಬೇರೆ.

"ಈ ವರ್ಷ ಛಾಟಣಿ ಮುಗದ ಹದಿನೈದ ದಿನಾ ಆಗಿರಬೇಕಲ್ಲ?" ಎಂದ ಮಲಕಾರಿ, ಬೇಸಾಯದ ಮಾತಾಡುವವನಂತೆ.

"ಹದಿನಾರ ದಿನಾ ಆತ್ರಿ," ಎಂದಳು ಕಸ್ತೂರೆವ್ವ. ಎಂದ ಮೇಲೆ ಅವಳ ಮುಖ ಬಿಳಿಚಿಕೊಂಡಿತು.

ಮಲಕಾರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ನಿಂತಿದ್ದ ರೀತಿಯೇ ಹಾಗಿತ್ತು. ಬೇರೆಯವರ ಮನೆಯಲ್ಲಿ ಏನೂ ಮುಟ್ಟಬಾರದೆಂದು ಎಚ್ಚರದಿಂದ ನಿಂತವಳಂತೆ ಗೋಡೆಯಿಂದ ಒಂದು ಗೇಣು ದೂರ ನಿಂತಿದ್ದಳು.

"ಹೆದರಬ್ಯಾಡವಾ," ಎಂದ. "ನಾ ಪೊಲೀಸ ಅಲ್ಲ. ನಿನ್ನ ಮ್ಯಾಲೆ ಏನೂ ಬರಂಗಿಲ್ಲ. ಖರೇ ಹೇಳ. ಯಾವಾಗ ಕರಕೊಂಡ ಬಂದ್ರು ನಿಮ್ಮನ್ನ?"

ಕಸ್ತೂರೆವ್ವ ನೆಲದ ಮೇಲೆ ಕುಳಿತಳು. "ಛಾಟಣಿ ಮುಗದ ಮರುದಿನಾನರಿ. ಆರೂ ಮನ್ಯಾಗ ನಮ್ಮ ತೋಟದ ಮಂದಿನ ಅದೇವಿ. ಇಲ್ಲೇ ಇರ್ರಿ, ಯಾರರೆ ಕೇಳಿದ್ರ ಮೂರ ವರ್ಷಿಂದ ಅದೇವಿ ಅನ್ರಿ, ಪಗಾರ ಚಾಲೂನ ಇರ್ತೈತಿ ಅಂದ್ರು. ಕೆಳಗ ಇಳದ್ರ ಮಂದಿ ಮಾತಾಡಸ್ತಾರ, ಇಳೀಬ್ಯಾಡ್ರಿ ಅಂದ್ರು. ಕುಡ್ಯೂ ನೀರ ಸೈತೇಕ ತೋಟದಿಂದ ಕ್ಯಾನಿನ್ಯಾಗ ಬರ್ತೈತ್ರಿ."

"ಅದಕ್ಕಿಂತ ಮೊದಲ ಇಲ್ಲಿ ಯಾರಿದ್ರು?"

"ಯಾರೂ ಇರಲಿಲ್ರಿ. ನಾ ಬಂದಾಗ ಬಾಗಲಾ ತುಂಬ ಜ್ಯಾಡರ ಬಲಿ ಕಟ್ಟಿತ್ತು. ಬಲ್ಬ ಅಷ್ಟ ಉರ್ಯಾಕತ್ತಿತ್ತು. ಕೆಳಗಿನ ಸೋನಾಬಾಯಿ ಒಂದಿನ ಮೆಟ್ಟಲದಾಗ ಸಿಕ್ಕಿದ್ರು. 'ನಿನಗ ಹೆಂಗವಾ ಕೊಟ್ರು? ಇವ್ರು ಅಡ್ಡೆಸರ ಕೇಳಲಾರದ ಚಾವಿ ಕೊಡೂ ಪೈಕಿ ಅಲ್ಲ. ಅದಕ್ಕನ ಆರು ಮನಿ ಖಾಲಿ ಬಿದ್ದಾವು,' ಅಂದ್ರು."

ಮಲಕಾರಿ ಹಲ್ಲು ಕಚ್ಚಿದ. ಅಡ್ಡಹೆಸರು ಕೇಳಿ ಕೇಳಿಯೇ ಖಾಲಿ ಬಿದ್ದ ಕಟ್ಟಡವನ್ನು, ಅಡ್ಡಹೆಸರು ಕೇಳಿಸಿಕೊಂಡು ಕೇಳಿಸಿಕೊಂಡೇ ನೊಂದವಳಿಗೆ ಮಾರುವುದೇ! ಇದಕ್ಕಿಂತ ಕಟುಕ ಬುದ್ಧಿ ಇರಲಾರದು.

"ನಿನ್ನ ಹೆಸರರೆ ಖರೇ ಏನವಾ?"

"ಕಾಂಬಳೆ ಅನ್ನೂದಷ್ಟ ಖರೇರಿ," ಎಂದಳು ಕಸ್ತೂರೆವ್ವ ನೆಲ ನೋಡುತ್ತಾ. "ಅದಕ್ಕನ ನನ್ನ ಆರಿಸಿ ಆ ಅಕ್ಕಾರ ಮುಂದ ಕುಂಡ್ರಿಸಿದ್ರು. ಅಣ್ಣಾರ, ಆ ಅಕ್ಕಾರ ನನ್ನ ಕೈ ಹಿಡ್ಕೊಂಡ ಅತ್ರು. ನನ್ನ ಹೊಟ್ಯಾಗ ಬೆಂಕಿ ಬಿದ್ದಂಗಾತು. ಆದ್ರ ಒಂದ ಮಾತ ಹೇಳ್ತೇನಿ, ಬೈಬ್ಯಾಡ್ರಿ. ಅವ್ರು ಈ ಮನಿ ತಗೊಂಡ್ರ ನನಗ ಇಲ್ಲೇ ಇರ ಅಂತಾರೇನೋ ಅಂತ ಆಸೆ ಇತ್ರಿ. ನನ್ನ ಮಗಳಿಗೆ ಸಾಲಿ ಇಲ್ಲಿಂದ ಸಮೀಪ ಆಗತೈತಿ."

ಮಲಕಾರಿ ಚೀಲದ ಹಿಡಿಕೆಯನ್ನು ಸರಿಮಾಡಿಕೊಂಡ.

"ಅವತ್ತ ಆ ಅಕ್ಕಾರಿಗೆ ನೀ ಏನಂದಿ?"

"ಹೇಳಿಕೊಟ್ಟದ್ದನ್ನ ಅಂದೇನ್ರಿ. 'ಅಕ್ಕಾರ, ಇದು ಅಡ್ಡೆಸರ ಕೇಳಲಾರದ ಮನಿ. ಹಿಂತಾದ ಒಂದರೆ ಇರ್ಲಿ ಈ ಸೀಮ್ಯಾಗ.'"

ಅದು ಶೇವಂತಾಬಾಯಿಯ ಮಾತು. ಅಕ್ಷರ ಅಕ್ಷರವೂ ಅವಳದೇ, ಅವನ ಮನೆಯ ಪಡಸಾಲೆಯಲ್ಲಿ ಕುಳಿತು ಆಡಿದ್ದು. ಅದು ಬಾಳಾಸಾಬನ ಕಿವಿಗೆ ಹೋದದ್ದಾದರೂ ಹೇಗೆ?

ಮೊದಲು ನೆನಪಾದದ್ದು ಈ ಖರೀದಿಯ ದಲ್ಲಾಳಿ ವಿಕ್ರಾಂತ. ಎರಡೂ ಕಡೆಯಿಂದ ಕಮಿಷನ್ ತಿನ್ನುವ ಆಸಾಮಿ. ಆದರೆ ಆ ದಿನ ಅವನು ಮನೆಗೆ ಬಂದಿರಲೇ ಇಲ್ಲ. ಶೇವಂತಾಬಾಯಿಯ ತಂಗಿಯ ಮಗಳು ಮನೀಷಾ? ಪಾಪ, ಆ ಹುಡುಗಿ ಹೊರಗೆ ಆಟೋದಲ್ಲೇ ಕುಳಿತಿದ್ದಳು. ಪಡಸಾಲೆಯಲ್ಲಿ ಇದ್ದವರು ಶೇವಂತಾಬಾಯಿ ಮತ್ತು ತಾನು, ಇಬ್ಬರೇ.

"ಬಾಯಿಲೆ ಹೇಳಿಕೊಟ್ರೋ, ಬರದ ಕೊಟ್ರೋ?"

"ಬರದ ಕೊಟ್ಟಾರ್ರಿ. ನನಗ ಏಳನೇತ್ತಾ ತನಕ ಸಾಲಿ ಆಗೇತಿ." ಕಸ್ತೂರೆವ್ವ ಎದ್ದು ಅಡುಗೆಮನೆಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿಯ ಕೆಳಗಿಂದ ಒಂದು ಚೀಟಿ ತಂದುಕೊಟ್ಟಳು.

ಮಲಕಾರಿ ಕನ್ನಡಕ ಏರಿಸಿಕೊಂಡು ಚೀಟಿ ಬಿಡಿಸಿದ.

'ಇದು ಅಡ್ಡೆಸರ ಕೇळಲಾರದ ಮನಿ. ಹಿಂತಾದ ಒಂದರೆ ಇರ್ಲಿ ಈ ಸೀಮ್ಯಾಗ. ಮೂರ ವರ್ಷದಿಂದ ಅದೇವಿ. ಮಾಲಕರು ಭಾळ ಒळ್ಳೆಯವರು.'

ಓದಿದ. ಇನ್ನೊಮ್ಮೆ ಓದಿದ. ಮೂರನೆಯ ಸಲ ಓದಲು ಕಣ್ಣು ಒಪ್ಪಲಿಲ್ಲ.

ಕನ್ನಡದ 'ಳ' ಇರಬೇಕಾದಲ್ಲಿ ಮರಾಠಿಯ 'ळ'. ಒಂದು ಕಡೆ ಅಲ್ಲ, ಬಂದಲ್ಲೆಲ್ಲ.

ಹೆಂಡತಿ ತೀರಿಕೊಂಡಾಗ ನೀಲಮ ಐದು ವರ್ಷದವಳು. ಸದಲಗಾದ ಸೋದರಮಾವನ ಮನೆಯಲ್ಲಿದ್ದು ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಸಾಲೆ ಕಲಿತಳು. ಮರಳಿ ಬಂದು ಕನ್ನಡ ಸಾಲೆ ಸೇರಿದಾಗ ಅವಳಿಗೆ ಎಲ್ಲ ಅಕ್ಷರ ಬಂದವು, 'ಳ' ಒಂದು ಬರಲಿಲ್ಲ. 'ಎಸಳು' ಎಂದು ಬರೆ ಎಂದರೆ ಅಲ್ಲಿಯೂ ಮರಾಠಿಯ ळ ಹಾಕುತ್ತಿದ್ದಳು. ಒಂದು ಸಂಜೆ ಮಲಕಾರಿ ಸಿಟ್ಟಿಗೆದ್ದು ಆ ಪುಟ್ಟ ಕೈಗೆ ಪಟ್ಟಿಯಿಂದ ಹೊಡೆದಿದ್ದ. ಆ ಏಟು ಅವಳು ಮರೆತಿರಬಹುದು, ಅವನು ಮರೆತಿರಲಿಲ್ಲ.

ಚೀಟಿಯ ಉಳಿದ ಅಕ್ಷರಗಳೂ ಅವಳವೇ, ಮುತ್ತು ಪೋಣಿಸಿದಂಥವು. ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದವಳು. ಕಣ್ಣೊರೆಸಿಕೊಂಡಿದ್ದವಳು. ಅವನು ಅವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನೀಲಮಾ, ನೀನಾ? ಯಾವ ಆಸೆಗೆ ಮಾಡಿದಿ ಇದನ್ನ?

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಶೇವಂತಾಬಾಯಿ.

"ಅಣ್ಣಾರ, ನಾವ ಆಗಲೇ ರಜಿಸ್ಟ್ರಿ ಕಚೇರಿಗೆ ಬಂದ ಕುಂತೇವ್ರಿ," ಎಂದಳು. ದನಿಯಲ್ಲಿ ಮದುವೆಮನೆಯ ಸಡಗರ. "ಮೂರು ಗಂಟೇದ್ದ ಹನ್ನೆರಡಕ್ಕ ಆತಂತ. ನಿಮ್ಮ ನೀಲಮನ ಬಂದ ನನ್ನ ಕರಕೊಂಡ ಬಂದ್ಲು. ಅಪ್ಪಾ ಎಲ್ಲಾ ನೋಡ್ಯಾರ, ಹೂಂ ಅಂದಾರ ಅಂದ್ಲು. ಆದ್ರೂ ನಾ ಹಟಾ ಹಿಡದೇನ್ರಿ. ನಿಮ್ಮ ಬಾಯಿಂದ ಕೇಳಲಾರದ ಪೆನ್ನ ಹಚ್ಚಂಗಿಲ್ಲ ಅಂದೇನಿ. ತಡೀರಿ, ನೀಲಮ ಮಾತಾಡ್ತಾಳಂತ."

ಫೋನು ಕೈ ಬದಲಾಯಿತು.

"ಅಪ್ಪಾ, ಗುಳಗಿ ತಗೊಂಡ್ರಿ?"

ಮಲಕಾರಿ ಕೈಯಲ್ಲಿದ್ದ ಚೀಟಿಯನ್ನೇ ನೋಡಿದ.

"ಡಬ್ಬಿ ಮ್ಯಾಲಿನ ಚೀಟಿ ನೋಡ್ರಿ ಅಪ್ಪಾ. ಛಂದಂಗ ನೋಡ್ರಿ. ಬಿಳಿದು ಯಾವುದು, ಹಳದಿದು ಯಾವುದು ಅಂತ ನಾ ಬರೋಬ್ಬರಿ ಬರದೇನಿ." 'ಬರೋಬ್ಬರಿ' ಎಂಬ ಮಾತನ್ನು ಒತ್ತಿ ಹೇಳಿದಳು.

ಫೋನನ್ನು ಹೆಗಲಿಗೆ ಒತ್ತಿಕೊಂಡು ಮಲಕಾರಿ ಚೀಲದಿಂದ ಡಬ್ಬಿ ತೆಗೆದ. ಬಿಳಿ ಗುಳಗಿ. ಹಳದಿ ಗುಳಗಿ. ನಾಲ್ಕು 'ಳ', ನಾಲ್ಕೂ ಕನ್ನಡದ ದುಂಡು 'ಳ'. ಇವತ್ತು ಮಾತ್ರವೇ ಏನು, ಪಟ್ಟಿಯ ಏಟು ತಿಂದ ಆ ಸಂಜೆಯಿಂದ ಇಪ್ಪತ್ತು ವರ್ಷ ಅವಳು ಆ ಅಕ್ಷರವನ್ನು ಒಮ್ಮೆಯೂ ತಪ್ಪಿರಲಿಲ್ಲ.

ಎಡಗೈಯಲ್ಲಿ ಆ ಚೀಟಿ, ಬಲಗೈಯಲ್ಲಿ ಈ ಚೀಟಿ. ಬರೆದ ಕೈ ಒಂದೇ. ಒಂದರಲ್ಲಿ ತಪ್ಪೇ ಇಲ್ಲ, ಇನ್ನೊಂದರಲ್ಲಿ ಬಂದಲ್ಲೆಲ್ಲ ತಪ್ಪು. ಹಾಗಾದರೆ ಅದು ಮರೆತು ಬರೆದದ್ದಲ್ಲ. ಎದುರು ಯಾರೋ ಕುಳಿತು, ಅವಳು ಕೇಳಿಸಿಕೊಂಡಿದ್ದನ್ನು ಬಾಯಿ ಬಿಡಿಸಿ ಬರೆಸುವಾಗ, ಅವರಿಗೆ ತಿಳಿಯದಂತೆ, ಲೋಕದಲ್ಲಿ ಒಬ್ಬನೇ ಒಬ್ಬನಿಗೆ ತಿಳಿಯಲೆಂದು ಬರೆದದ್ದು. ಹೊಡೆದ ಅಪ್ಪನಿಗೆ.

ಒಂದು ನಿಮಿಷದ ಹಿಂದೆ ಮಗಳನ್ನು ಮನಸ್ಸಿನಲ್ಲೇ ಕಳೆದುಕೊಂಡಿದ್ದವನು ಈಗ ನಾಚಿಕೆಪಟ್ಟ, ಅವಳಿಗಾಗಿ ಹೆದರಿದ.

"ನಮಸ್ಕಾರ್ರಿ ಮಲಕಾರೆಪ್ಪಾ." ಫೋನಿನಲ್ಲಿ ಈಗ ಗಂಡಸಿನ ದನಿ. ಬಾಳಾಸಾಬ. ಬೆಲ್ಲದಷ್ಟು ಸಿಹಿಯಾಗಿ, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಮಾತಾಡಿದ. "ನಿಮ್ಮ ಮಗಳ ಭಾಳ ಶ್ಯಾಣ್ಯಾಕಿ ಅದಾಳ್ರಿ. ಮುಂಜಾನಿಂದ ನಮ್ಮ ಗಾಡ್ಯಾಗನ ಅಡ್ಡಾಡಾಕತ್ತಾಳ. ನೀವ ಬಾಯಾರಿಗೆ ಒಂದ ಹೂಂ ಅಂದಬಿಟ್ರ, ಆಕೀನ ಹಂಗ ಮನೀತನಕ ಬಿಟ್ಟ ಬರ್ತೇವಿ. ಇಲ್ಲಂದ್ರ ಮನೀಗೆ ಬರೂದ ತಡ ಆಗತೈತಿ ನೋಡ್ರಿ. ಭಾಳ ತಡ." ಆಮೇಲೆ ಗಟ್ಟಿಯಾಗಿ, "ತಗೋರಿ ಬಾಯಾರ, ನಿಮ್ಮ ಅಣ್ಣಾರು. ಸ್ಪೀಕರ್ ಹಚ್ಚೇನಿ, ಎಲ್ಲಾರೂ ಕೇಳೂಣ."

ಕಸ್ತೂರೆವ್ವ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು.

"ಅಣ್ಣಾರ," ಎಂದಳು ಶೇವಂತಾಬಾಯಿ, "ಸಾಹೇಬ್ರ ನನ್ನ ಹೆಸರ ಕೂಗಾಕತ್ತಾರ. ಮಾಡ್ಲ್ಯೋ, ಬ್ಯಾಡೋ? ನೀವ ಹೆಂಗಂದ್ರ ಹಂಗರಿ."

ಹೂಂ ಎಂದರೆ ಒಬ್ಬ ಹೆಣ್ಣುಮಗಳ ಮೂವತ್ತಾರು ವರ್ಷ ಮಣ್ಣುಪಾಲು. ಊಹೂಂ ಎಂದರೆ ತನ್ನ ಮಗಳು ಆ ಗಾಡಿಯಲ್ಲಿ. ಮಲಕಾರಿ ಕಣ್ಣು ಮುಚ್ಚಿದ. ಮನೆಯ ಪಡಸಾಲೆ ನೆನಪಾಯಿತು. ಅಲ್ಲಿ ಕುಳಿತು ನಗುತ್ತಾ ಶೇವಂತಾಬಾಯಿ ಹೇಳಿದ ಕೊನೆಯ ಮಾತು ನೆನಪಾಯಿತು: 'ನಾ ಯಾರಿಗರೆ ಅಡ್ಡೆಸರ ಕೇಳಿದ್ನಿ ಅಂದ್ರ, ಏನೋ ಆಗೇತಿ ಅಂತ ತಿಳ್ಕೋರಿ.'

"ಹೂಂ ಬಾಯಾರ," ಎಂದ. ದನಿ ತನ್ನದೇ ಅಲ್ಲವೆನಿಸಿತು. "ಎಲ್ಲಾ ಸರಿ ಐತಿ. ಸಹಿ ಮಾಡೂಕಿಂತ ಮೊದಲ ಒಂದ ಕೆಲಸ ಅಷ್ಟ ಮಾಡ್ರಿ. ಅಲ್ಲಿ ಕುಂತವ್ರಿಗೆಲ್ಲಾ ಒಮ್ಮೆ ಅಡ್ಡೆಸರ ಕೇಳ್ರಿ."

ಯಾರೋ ನಕ್ಕದ್ದು ಕೇಳಿಸಿತು. ಬಾಳಾಸಾಬನೇ ಇರಬೇಕು. ಸಾಕ್ಷಿದಾರರ ಅಡ್ಡಹೆಸರು ಕಾಗದದಲ್ಲಿ ಬೇಕೇ ಬೇಕಲ್ಲ, ಅದರಲ್ಲಿ ಅನುಮಾನಪಡುವಂಥದ್ದು ಅವನಿಗೇನು ಕಂಡೀತು.

ಶೇವಂತಾಬಾಯಿ ನಗಲಿಲ್ಲ.

"ಅಡ್ಡೆಸರೇನ್ರಿ ಅಣ್ಣಾರ?" ಸಡಗರದ ದನಿ ಎಲ್ಲಿಯೋ ಹೋಗಿತ್ತು. "ನಾ ಕೇಳ್ಲೇನ್ರಿ?"

"ಹೂಂ ಬಾಯಾರ. ನೀವ ಕೇಳ್ರಿ."

ಆಚೆ ಕಡೆ ಟಕ್ಕೆಂದು ಒಂದು ಸಪ್ಪಳವಾಯಿತು. ಪೆನ್ನನ್ನು ಟೇಬಲ್ಲಿನ ಮೇಲೆ ಇಟ್ಟದ್ದೋ, ಕಾಗದದ ಮೇಲೆ ಊರಿದ್ದೋ ಮಲಕಾರಿಗೆ ತಿಳಿಯುವ ಮೊದಲೇ ಫೋನು ಕಟ್ಟಾಯಿತು.